ಕೋವಿಡ್ ಮಾಡೆಲ್‌ಗಳೆಲ್ಲ ಸುಳ್ಳಾದ್ವಲ್ಲ, ಈ ಎಪಿಡೆಮಿಕ್ ಮಾಡೆಲಿಂಗ್ ಮಾಡೋರು ದಿನಾ ಏನ್ ಕೆಲಸ ಮಾಡ್ತಾರೆ?

ದಿನದ ಕೆಲಸದ ಜೊತೆಗೆ ನೀವು ಇನ್ನೂ ಎರಡು ವಿಷಯ ಕೇಳಿದ್ದೀರಿ. ಎಪಿಡೆಮಿಕ್ ಮಾಡೆಲಿಂಗ್, ಅಂದ್ರೆ ಕಾಯಿಲೆ ಹೇಗೆ ಹರಡುತ್ತೆ ಅಂತ ಗಣಿತದಲ್ಲಿ ಲೆಕ್ಕ ಹಾಕೋದು, ಇದಕ್ಕೂ ಜ್ಯೋತಿಷ್ಯಕ್ಕೂ ಏನು ವ್ಯತ್ಯಾಸ, ಮತ್ತೆ ಎಂಎಸ್ಸಿ ಮ್ಯಾಥ್ಸ್ ಮುಗಿಸಿರೋ ನಿಮ್ಮ ತಮ್ಮ ಈ ಫೀಲ್ಡಿಗೆ ಬರಬಹುದಾ ಅಂತ. ನಾನು ಮೈಸೂರಲ್ಲಿದ್ದೀನಿ, ಮೈಸೂರು-ಮಂಡ್ಯ ಕಡೆ ಡೆಂಗ್ಯೂ ಡೇಟಾ ಮೇಲೆ ಕೆಲಸ, ಹಾಗಾಗಿ ಡೆಂಗ್ಯೂ ಇಟ್ಕೊಂಡೇ ಹೇಳ್ತೀನಿ.

ಸಮೀಕರಣ ಅಂಥ ದೊಡ್ಡ ವಿಷಯ ಅಲ್ಲ ಕಣ್ರೀ. ಜನಾನ ಮೂರು ಗುಂಪು ಮಾಡೋದು, ಇನ್ನೂ ಕಾಯಿಲೆ ಬರದೇ ಇರೋರು, ಈಗ ಹರಡ್ತಾ ಇರೋರು, ವಾಸಿಯಾದೋರು ಇಲ್ಲಾ ತೀರ್ಕೊಂಡೋರು, ಆಮೇಲೆ ಒಂದರಿಂದ ಇನ್ನೊಂದಕ್ಕೆ ಯಾವ ಸ್ಪೀಡಲ್ಲಿ ಹೋಗ್ತಾರೆ ಅಂತ ಬರೆಯೋದು. ಕೆರ್ಮ್ಯಾಕ್, ಮೆಕೆಂಡ್ರಿಕ್ ಅನ್ನೋರು 1927ರಲ್ಲೇ ಬರೆದಿಟ್ಟಿದ್ದಾರೆ, ಅದನ್ನ ತಾಳೆ ನೋಡಿದ್ದು 1905-06ರ ಬಾಂಬೆ ಪ್ಲೇಗ್ ಸಾವಿನ ಲೆಕ್ಕದ ಜೊತೆ. ತಮಾಷೆ ಏನಂದ್ರೆ ಆ ಪ್ಲೇಗು ಇಲಿ, ಚಿಗಟದಿಂದ ಬರ್ತಿದ್ದಿದ್ದು, ಮನುಷ್ಯರಿಂದ ಮನುಷ್ಯರಿಗೆ ಅಂತ ಬರೆದ ಲೆಕ್ಕ ಅದಕ್ಕೆ ಸರಿಯಾಗಿ ಹೊಂದೋದೇ ಇಲ್ಲ, ಆದ್ರೂ ಗ್ರಾಫಿನ ಗೆರೆ ಮಾತ್ರ ಸಾವಿನ ಅಂಕಿಗಳ ಮೇಲೆ ಚೆನ್ನಾಗಿ ಕೂತ್ಕೊಂಡಿತ್ತು. ಗೆರೆ ಕೂತ್ರೆ ಕಾರಣ ಸಿಕ್ಕಿಬಿಡ್ತು ಅಂದ್ಕೊಳ್ಳೋರು ಈಗಲೂ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಟೈಮೆಲ್ಲ ಹೋಗೋದು ಡೇಟಾದಲ್ಲಿ. ಜ್ವರ ಶುರುವಾದೋರು ಎರಡು ಮೂರು ದಿನ ಡೋಲೋ ನುಂಗಿ ನೋಡ್ತಾರೆ, ಆಮೇಲೆ ಕ್ಲಿನಿಕ್ಕು, ಆಮೇಲೆ ಬ್ಲಡ್ ಟೆಸ್ಟು, ಎಲಿಸಾ ಅನ್ನೋ ಲ್ಯಾಬ್ ಟೆಸ್ಟಿನ ಪ್ಲೇಟಲ್ಲಿ 96 ಗುಂಡಿ ಇರುತ್ತೆ, ನಾಲ್ಕು ಸ್ಯಾಂಪಲ್‌ಗೋಸ್ಕರ ಒಂದು ಪ್ಲೇಟ್ ಹಾಳು ಮಾಡಕ್ಕಾಗಲ್ಲ ಅಂತ ಲ್ಯಾಬಲ್ಲಿ ಸೇರೋವರೆಗೂ ಕಾಯ್ತಾರೆ, ಎಲ್ಲ ಮುಗಿದು ಪೋರ್ಟಲ್‌ಗೆ ಏರೋ ಹೊತ್ತಿಗೆ ವಾರವೇ ಕಳೆದಿರಬಹುದು. ಹಾಗಾಗಿ ಜ್ವರ ಶುರುವಾದ ದಿನ ಹಿಡಿದು ಗ್ರಾಫ್ ಹಾಕಿದ್ರೆ ಕೊನೇ ಭಾಗ ಯಾವಾಗ್ಲೂ ಇಳಿದಂಗೇ ಕಾಣುತ್ತೆ, ಊರಲ್ಲಿ ಕೇಸ್ ಏರ್ತಾ ಇದ್ರೂ. ಅದನ್ನ ನೋಡಿ ಕಂಟ್ರೋಲ್‌ಗೆ ಬಂತು ಅಂದುಬಿಟ್ರೆ ಕಥೆ ಮುಗೀತು. ಹಿಂದಿನ ವಾರಗಳಲ್ಲಿ ಯಾವ ಕೇಸ್ ಎಷ್ಟು ದಿನ ತಡವಾಗಿ ಬಂದಿತ್ತು ಅಂತ ಲೆಕ್ಕ ಹಾಕಿ ಆ ಕೊನೇ ತುದಿನ ಸರಿ ಮಾಡ್ತೀವಿ, ಇದಕ್ಕೆ ನೌಕಾಸ್ಟಿಂಗ್ ಅಂತಾರೆ. ಮುಂದಿನ ಮೂರು ತಿಂಗಳ ಭವಿಷ್ಯಕ್ಕಿಂತ ಇವತ್ತು ನಿಜವಾಗಿ ಎಷ್ಟಿದೆ ಅನ್ನೋದು ಆರೋಗ್ಯ ಇಲಾಖೆಯೋರಿಗೆ ಜಾಸ್ತಿ ಉಪಯೋಗ ಅನ್ನೋದು ನನ್ನ ಅಭಿಪ್ರಾಯ.

ಟೆಸ್ಟ್‌ದು ಇನ್ನೊಂದು ತಲೆನೋವು. ಎನ್‌ಎಸ್1 (ರಕ್ತದಲ್ಲಿ ಸಿಗೋ ಡೆಂಗ್ಯೂ ವೈರಸ್ಸಿನ ಪ್ರೋಟೀನ್) ಜ್ವರದ ಮೊದಲ ಐದು ದಿನದೊಳಗೆ ಚೆನ್ನಾಗಿ ಸಿಗುತ್ತೆ, ಐಜಿಎಂ (ವೈರಸ್ ವಿರುದ್ಧ ದೇಹ ಮಾಡ್ಕೊಳ್ಳೋ ಪ್ರತಿಕಾಯ) ಸಿಗೋದು ಅದಾದ್ಮೇಲೆ. ಸರ್ಕಾರ ಖಚಿತ ಅಂತ ತಗೊಳ್ಳೋದು ಎಲಿಸಾ ರಿಪೋರ್ಟನ್ನ, ಕ್ಲಿನಿಕ್‌ನ ದಿಢೀರ್ ಕಾರ್ಡ್ ಟೆಸ್ಟನ್ನಲ್ಲ. ಹಾಗಾಗಿ ಎಲಿಸಾ ಟೆಸ್ಟಿಂಗ್ ಜಾಸ್ತಿ ಆದ ತಾಲೂಕಲ್ಲಿ ಖಚಿತ ಕೇಸೂ ಜಾಸ್ತಿ ಸಿಕ್ಕಿ, ಕಾಯಿಲೆನೇ ಜಾಸ್ತಿ ಆದಂಗೆ ಕಾಣುತ್ತೆ.

ಸೊಳ್ಳೆ ವಿಷಯಕ್ಕೆ ಬಂದ್ರೆ, ಮಂಡ್ಯ ಕಡೆ ಎಲ್ಲದಕ್ಕೂ ನಾಲೆನೇ ಕಾರಣ ಅಂತ ಬೈತಾರೆ. ನಾಲೆ, ಗದ್ದೆ ನೀರಲ್ಲಿ ಬೆಳೆಯೋದು ಮಲೇರಿಯಾ ಸೊಳ್ಳೆ ಅನಾಫಿಲಿಸ್. ಡೆಂಗ್ಯೂದು ಈಡಿಸ್, ಅದಕ್ಕೆ ಬೇಕಾಗಿರೋದು ನಿಮ್ಮ ಮನೆ ಡ್ರಮ್ಮು, ತೊಟ್ಟಿ, ಹಳೇ ಟಯರು. ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ. ಮಳೆ ಬಿದ್ಮೇಲೆ ಮೊಟ್ಟೆ ಸೊಳ್ಳೆ ಆಗೋಕೆ ಸುಮಾರು ಹತ್ತು ದಿನ, ಸೊಳ್ಳೆ ಹೊಟ್ಟೇಲಿ ವೈರಸ್ ಬೆಳೆಯೋಕೆ 8ರಿಂದ 12 ದಿನ, ಕಚ್ಚಿದ್ಮೇಲೆ ಜ್ವರ ಬರೋಕೆ 4ರಿಂದ 10 ದಿನ, ಎಲ್ಲ ಕೂಡಿಸಿದ್ರೆ ಒಂದು ತಿಂಗಳು ಆಚೀಚೆ. ಮಾಡೆಲ್‌ಗೆ ಸಿಗೋ ಮುನ್ಸೂಚನೆ ಅಂದ್ರೆ ಮಳೆಗೂ ಜ್ವರಕ್ಕೂ ನಡುವಿನ ಈ ಒಂದು ತಿಂಗಳೇ. ಆದ್ರೆ ಮಳೆ ಒಂದನ್ನೇ ಹಾಕಿದ್ರೆ ಕೈ ಕೊಡುತ್ತೆ, ಯಾಕಂದ್ರೆ ನಲ್ಲಿ ನೀರು ದಿನ ಬಿಟ್ಟು ದಿನ ಬರೋ ಬಡಾವಣೇಲಿ ಬೇಸಿಗೇಲೂ ಡ್ರಮ್ ತುಂಬಿರುತ್ತೆ.

ಜ್ಯೋತಿಷ್ಯದ ಮಾತು. ಕೋವಿಡ್ ಲೆಕ್ಕ ತಪ್ಪಿದ್ದು ಕೆಲವು ಸಲ ಜನ ಮನೇಲಿ ಕೂತು ಹರಡೋದು ಕಮ್ಮಿ ಆಗಿದ್ದಕ್ಕೆ, ಕೆಲವು ಸಲ ಮಾಡಿದೋರ ಧಿಮಾಕಿಗೆ, ಎರಡೂ ನಿಜ. ಒಬ್ಬರಿಂದ ಸರಾಸರಿ ಎರಡು ಮೂರು ಜನಕ್ಕೆ ಅಂತ ಹೇಳ್ತಿದ್ರು, ಸರಾಸರಿ ಹಾಗಿದ್ರೂ ಹೆಚ್ಚಿನೋರು ಯಾರಿಗೂ ಹರಡಲ್ಲ, ಒಂದೇ ಕಡೆಯಿಂದ ಗುಂಪಿಗೆ ಗುಂಪೇ ಹರಡಿಬಿಡುತ್ತೆ. 2020ರ ಮಾರ್ಚಲ್ಲಿ ನಂಜನಗೂಡಿನ ಒಂದು ಫ್ಯಾಕ್ಟರಿಯಿಂದ ಗುಂಪಾಗಿ ಹರಡಿದ ಕೋವಿಡ್ ಕೇಸುಗಳು ನೆನಪಿರಬೇಕಲ್ಲ. ಎರಡು ವಾರದಾಚೆಗೆ ಒಂದೇ ನಂಬರ್ ಹೇಳೋರನ್ನ ನಾನಂತೂ ನಂಬಲ್ಲ, ಇಷ್ಟರಿಂದ ಇಷ್ಟರೊಳಗೆ ಅಂತ ಹೇಳಿದ್ರೆ ಕೇಳ್ತೀನಿ.

ನಿಮ್ಮ ತಮ್ಮ ಧಾರಾಳವಾಗಿ ಬರಲಿ. ಆರ್ ಅಥವಾ ಪೈಥಾನ್, ಯಾವುದಾದ್ರೂ ಒಂದು ಪ್ರೋಗ್ರಾಮಿಂಗ್ ಭಾಷೆ ಕಲೀಲಿ, ಡಿಫರೆನ್ಷಿಯಲ್ ಈಕ್ವೇಶನ್ ಗೊತ್ತೇ ಇರುತ್ತೆ, ಸ್ಟಾಟಿಸ್ಟಿಕ್ಸ್ ಗಟ್ಟಿ ಮಾಡ್ಕೊಳ್ಳಲಿ. ಅದಕ್ಕೂ ಮೊದಲು ಪರ್ಮಿಷನ್ ತಗೊಂಡು ಒಂದು ವಾರ ಆಶಾ ಕಾರ್ಯಕರ್ತೆಯರ ಜೊತೆ ಜ್ವರದ ಸರ್ವೆಗೆ ಓಡಾಡಲಿ, "ಜ್ವರ ಯಾವತ್ತು ಶುರುವಾಯ್ತು" ಅಂದ್ರೆ ಜನ ಏನು ಉತ್ತರ ಕೊಡ್ತಾರೆ, ಫಾರ್ಮಲ್ಲಿ ಏನು ಬರೀತಾರೆ ಅಂತ ನೋಡ್ಕೊಂಡು ಬಂದ್ರೆ ಆಮೇಲಿನದು ನಾನೇ ಹೇಳ್ಕೊಡ್ತೀನಿ.