ಓದುಗರ ಪ್ರಶ್ನೆ: ಅಡ್ಮಿನ್ ಲಾಗಿನ್‌ಗೆ ಕಾವಲು

ಪ್ರಶ್ನೆ: ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ವರ್ಡ್‌ಪ್ರೆಸ್‌ನಲ್ಲಿ ಮಾಡಿಸಿದ ಅಂಗಡಿಯ ಜಾಲತಾಣಕ್ಕೆ ಯಾರೋ ರಾತ್ರಿಯಿಡೀ ‘ಅಡ್ಮಿನ್’ ಹೆಸರಿನಲ್ಲಿ ಲಾಗಿನ್ ಆಗಲು ಯತ್ನಿಸಿರುವುದು ದಾಖಲೆಯಲ್ಲಿ ಕಾಣುತ್ತಿದೆ. ಏನು ಮಾಡಬೇಕು?
– ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಇದು ನಿಮ್ಮ ಮೇಲಿನ ಹಗೆಯಿಂದ ನಡೆದದ್ದಾಗಿರಲಿಕ್ಕಿಲ್ಲ, ಸಿಕ್ಕ ಸಿಕ್ಕ ತಾಣಗಳಲ್ಲಿ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡುವ ತಂತ್ರಾಂಶಗಳಿವೆ. 2010ರಲ್ಲಿ ಬಂದ 3.0 ಆವೃತ್ತಿಗೆ ಮೊದಲು ವರ್ಡ್‌ಪ್ರೆಸ್ ತಾನಾಗಿಯೇ ‘ಅಡ್ಮಿನ್’ ಎಂಬ ಹೆಸರನ್ನು ಕೊಡುತ್ತಿದ್ದುದರಿಂದ ಅವು ಇಂದಿಗೂ ಆ ಹೆಸರನ್ನು ಹಿಡಿದುಕೊಂಡೇ ಬರುತ್ತವೆ. ಆ ಹೆಸರನ್ನು ಅಲ್ಲಿಯೇ ತಿದ್ದಲು ಬರುವುದಿಲ್ಲ. ಬೇರೆ ಹೆಸರಿನಲ್ಲಿ ಹೊಸ ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು, ಅದರಿಂದ ಒಳಹೋಗಿ ಹಳೆಯದನ್ನು ಅಳಿಸಬೇಕು. ಅಳಿಸುವಾಗ, ಹಳೆಯ ಖಾತೆಯ ಬರಹಗಳನ್ನು ಏನು ಮಾಡಬೇಕೆಂದು ವರ್ಡ್‌ಪ್ರೆಸ್ ಕೇಳುತ್ತದೆ. ದಯವಿಟ್ಟು ಅವಸರ ಮಾಡದೆ, ಎಲ್ಲವನ್ನೂ ಹೊಸ ಖಾತೆಗೆ ವರ್ಗಾಯಿಸುವ ಆಯ್ಕೆಯನ್ನೇ ಒತ್ತಿರಿ, ಇಲ್ಲವಾದರೆ ಅವೂ ಅಳಿದುಹೋಗುತ್ತವೆ.

ಹೆಸರು ಬದಲಿಸುವುದಕ್ಕಿಂತ ನಾನು ಹೆಚ್ಚು ನಂಬುವುದು ಎರಡನೆಯ ಬೀಗವನ್ನು. ಮೊಬೈಲಿನ ಅಥೆಂಟಿಕೇಟರ್ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಗಳನ್ನು ತೋರಿಸುತ್ತದೆ. ಪಾಸ್‌ವರ್ಡ್ ತಿಳಿದವರಿಗೂ ಆ ಅಂಕಿಗಳಿಲ್ಲದೆ ಲಾಗಿನ್ ಆಗಲಾಗದು. ಇದಕ್ಕೂ, ತಪ್ಪು ಯತ್ನಗಳಿಗೆ ಮಿತಿ ಹಾಕುವುದಕ್ಕೂ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿಸಿಕೊಳ್ಳಿರಿ. ಮೊಬೈಲ್ ಕಳೆದುಹೋದರೆ ನೆರವಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು, ಅಂಗಡಿಯ ಲೆಕ್ಕದ ಪುಸ್ತಕದಲ್ಲಲ್ಲ, ಮನೆಯ ತಿಜೋರಿಯಲ್ಲಿ ಇಡಿರಿ.