ಗೇನ್ ಇಳಿಸಿದ ಮಾತ್ರಕ್ಕೆ ಗಾಥಿಕ್ ಆಗಲ್ಲ

ನಿಮ್ಮದು ಡೆತ್-ಡೂಮ್ (ನಿಧಾನದ, ಭಾರವಾದ ಮೆಟಲ್) ಬ್ಯಾಂಡ್, ಗಾಯಕನ ಗಂಟಲು ಇನ್ನು ಗ್ರೌಲ್ (ಗುಡುಗೋ ಥರದ ಒರಟು ದನಿ) ತಡೆಯಲ್ಲ, ಅದಕ್ಕೇ ಗಿಟಾರಿನ ಡಿಸ್ಟಾರ್ಷನ್ (ಒಡೆದ, ಒರಟು ಸದ್ದು) ಇಳಿಸಿ, ಕೀಬೋರ್ಡ್ ಸೇರಿಸಿ ಗಾಥಿಕ್ ರಾಕ್ ಕಡೆ ಹೊರಳೋದಾ, ಹಳೇ ಕೇಳುಗರು ಬಿಟ್ಟುಹೋಗ್ತಾರಾ ಅಂತ ಕೇಳಿದ್ದೀರಿ. ನಾವು ಇದೇ ಸೂತ್ರ ಹಿಡಿದು ಹೊರಟು ಕೆಟ್ಟವರು. ಎಡವಿದ್ದು ಒಂದೇ ಕಡೆ: ಟೆಂಪೋ, ಅಂದರೆ ಹಾಡಿನ ವೇಗ, ಮುಟ್ಟಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮಿಷಕ್ಕೆ 66 ಬೀಟ್‌ನ ಹಾಡಿನಲ್ಲಿ ನಾಲ್ಕು ಬೀಟ್‌ಗೆ ಒಂದು ಕಾರ್ಡ್ ಹಿಡಿದರೆ ಅದು 3.6 ಸೆಕೆಂಡ್ ನಿಲ್ಲಬೇಕು. ಹೈ ಗೇನ್ ಇದ್ದಾಗ, ಅಂದರೆ ಡಿಸ್ಟಾರ್ಷನ್ ಜೋರಾಗಿದ್ದಾಗ, ನಿಲ್ಲುತ್ತದೆ, ಯಾಕೆಂದರೆ ಡಿಸ್ಟಾರ್ಷನ್ ಅಂದರೆ ಅರ್ಧ ಕಂಪ್ರೆಷನ್ನೇ (ಸದ್ದಿನ ಏರಿಳಿತ ಸಮ ಮಾಡೋದು). ತಂತಿ ಸೋತರೂ ಸದ್ದು ಸೋಲಲ್ಲ. ಅದೇ ಕಾರ್ಡನ್ನು ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಚಾನೆಲ್‌ನಲ್ಲಿ ಬಾರಿಸಿ ನೋಡಿ, ಎರಡನೇ ಬೀಟ್‌ಗೇ ಕುಗ್ಗಿರುತ್ತದೆ. ಮಿಕ್ಕ ಜಾಗ ಖಾಲಿ. ಆ ಖಾಲಿ ಜಾಗ ಕಂಡು ಗಾಬರಿಯಾಗಿ ಎಲ್ಲರೂ ಮಾಡೋದು ಒಂದೇ: ಕೀಬೋರ್ಡ್‌ನಲ್ಲಿ ಸ್ಟ್ರಿಂಗ್ಸ್ ಪ್ಯಾಡ್ (ಪಿಟೀಲು ಮೇಳದಂಥ ಉದ್ದನೆ ಸದ್ದು) ಒತ್ತಿ ಹಿಡಿಯೋದು. ಪ್ಯಾಡ್‌ನ ಮೈಯೆಲ್ಲ ಇರೋದು 200ರಿಂದ 500 ಹರ್ಟ್ಸ್ ನಡುವೆ. ಮಂದ್ರದಲ್ಲಿ ಮೆಲ್ಲಗೆ ಹಾಡೋ ಗಂಡು ದನಿ, ಬೇಸ್ ಗಿಟಾರಿನ ಸದ್ದಿನ ಮೇಲ್ಭಾಗ ಎರಡೂ ಅಲ್ಲೇ ಇರುತ್ತವೆ. ಗಾಯಕ ಮುಳುಗುತ್ತಾನೆ, ಅವನನ್ನು ಏರಿಸಿದರೆ ಮೈಕ್ ಕೂಗುತ್ತದೆ, ಆಗ ರಿವರ್ಬ್ (ದೊಡ್ಡ ಹಾಲ್‌ನ ಗುಂಯ್‌ಗುಡುವಿಕೆ) ಸುರಿಯುತ್ತೀರಿ. ಕೊನೆಗೆ ಉಳಿಯೋದು ವಾತಾವರಣ ಅಲ್ಲ, ಗಂಜಿ.

ಗಾಥಿಕ್ ರಾಕ್ ನಿಧಾನದ ಸಂಗೀತ ಅನ್ನೋದೇ ತಪ್ಪು ತಿಳಿವಳಿಕೆ. ಅದು ಕುಣಿಸೋ ಸಂಗೀತ. ಇಂಗ್ಲೆಂಡಿನ ಲೀಡ್ಸ್‌ನ ಗಾಥಿಕ್ ರಾಕ್ ಬ್ಯಾಂಡ್ ಸಿಸ್ಟರ್ಸ್ ಆಫ್ ಮರ್ಸಿಗೆ ಡ್ರಮ್ಮರ್ರೇ ಇರಲಿಲ್ಲ, ಡಾಕ್ಟರ್ ಅವಲಾಂಶ್ ಅಂತ ಹೆಸರಿಟ್ಟ ಡ್ರಮ್ ಮಷೀನ್ ಇತ್ತು. ಬಿಡದೆ ಹೊಡೆಯೋ ಬೀಟ್, ಅದರ ಮೇಲೆ ಎಂಟರ ಎಣಿಕೆಯಲ್ಲಿ ಓಡೋ ಬೇಸ್, ಆಮೇಲೆ ಬೇಕಾದಷ್ಟೇ ಗಿಟಾರ್. ಅದೇ ವೆಸ್ಟ್ ಯಾರ್ಕ್‌ಶೈರ್‌ನ ಹ್ಯಾಲಿಫ್ಯಾಕ್ಸ್‌ನಿಂದ ಬಂದ ಪ್ಯಾರಡೈಸ್ ಲಾಸ್ಟ್ 1991ರಲ್ಲೇ ‘ಗಾಥಿಕ್’ ಅಂತ ಆಲ್ಬಮ್ ಮಾಡಿದರೂ ಅದು ಡೆತ್-ಡೂಮ್. ನಿಜವಾಗಿ ಮಗ್ಗುಲು ಬದಲಿಸಿದ್ದು 1997ರ ‘ಒನ್ ಸೆಕೆಂಡ್’ನಲ್ಲಿ. ಅದರ ಹಿಂದಿನ ಆಲ್ಬಮ್ ‘ಡ್ರಾಕೋನಿಯನ್ ಟೈಮ್ಸ್’ ಆದಮೇಲೆ ಅದನ್ನು ಹಾಕಿ, ಗಿಟಾರ್ ಮರೆತು ಬರೀ ಬೇಸು-ಡ್ರಮ್ ಕೇಳಿ. ನಾನು ಹೇಳೋದು ಅರ್ಥವಾಗುತ್ತದೆ.

ಹಾಗಾಗಿ ಕೀಬೋರ್ಡ್‌ನವರನ್ನು ಹುಡುಕೋದು ಸದ್ಯಕ್ಕೆ ಬಿಡಿ. ಟೆಂಪೋ 110ರಿಂದ 125ಕ್ಕೆ ಏರಿಸಿ. ರಿಫ್ (ಹಾಡಿನಲ್ಲಿ ಮರಳಿ ಮರಳಿ ಬರೋ ಎಳೆ) ಬೇಸ್‌ಗೆ ಕೊಡಿ, ಬೆರಳಲ್ಲಿ ಬೇಡ, ಪಿಕ್‌ನಲ್ಲಿ. 800 ಹರ್ಟ್ಸ್‌ನಿಂದ 1.5 ಕಿಲೋಹರ್ಟ್ಸ್ ಆಸುಪಾಸು ತುಸು ಏರಿಸಿದರೆ ಪ್ರತಿ ಏಟೂ ಕೇಳಿಸುತ್ತದೆ. ಡ್ರಮ್ಮರ್ ಎರಡೂ ಕಾಲಲ್ಲಿ ಹೊಡೆಯೋ ಡಬಲ್ ಪೆಡಲ್ ಮನೆಯಲ್ಲಿ ಬಿಟ್ಟು ಬರಲಿ. ಕ್ರ್ಯಾಶ್ ಸಿಂಬಲ್ ಎರಡಕ್ಕಿಂತ ಹೆಚ್ಚು ಕೊಡಬೇಡಿ, ಮೆಲುದನಿಯವನ ಮೈಕ್‌ಗೆ ಮೊದಲು ನುಗ್ಗೋದೇ ಕ್ರ್ಯಾಶ್.

ಗಿಟಾರ್‌ಗೆ ಬಂದರೆ, ಕೋರಸ್ (ಸದ್ದನ್ನು ಅಲೆಯಂತೆ ತೂಗಿಸೋದು), ಡಿಲೇ (ತಡವಾಗಿ ಮರಳಿಸೋದು), ರಿವರ್ಬ್ ಮೂರೂ ಆಂಪ್‌ನ ಎಫೆಕ್ಟ್ಸ್ ಲೂಪ್‌ಗೆ, ಅಂದರೆ ಡಿಸ್ಟಾರ್ಷನ್ ಆದಮೇಲಿನ ಜಾಗಕ್ಕೆ, ಹೋಗಲಿ. ಡಿಸ್ಟಾರ್ಷನ್‌ಗೆ ಮುಂಚೆ ರಿವರ್ಬ್ ಇಟ್ಟರೆ ಅದರ ಬಾಲವೂ ಕೆರೆದುಕೊಂಡು ಬರುತ್ತದೆ. ಕೋರಸ್ ವೇಗ 1 ಹರ್ಟ್ಸ್‌ಗಿಂತ ಕಡಿಮೆ. ಡಿಲೇ ಲೆಕ್ಕ ಸುಲಭ: 60,000ವನ್ನು ಟೆಂಪೋದಿಂದ ಭಾಗಿಸಿ, ಬಂದದ್ದರ ಮುಕ್ಕಾಲು ತೆಗೆದುಕೊಳ್ಳಿ. 120 ಬೀಟ್‌ಗೆ 375 ಮಿಲಿಸೆಕೆಂಡ್. ರಿವರ್ಬ್‌ನ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಮೆಟಲ್‌ನವರ ಪೆಡಲ್ ಬೋರ್ಡ್‌ನಲ್ಲಿ ಕಣ್ಣಿಗೆ ಬೀಳದೆ ಕೂತಿರೋ ಕಳ್ಳ ನಾಯ್ಸ್ ಗೇಟ್, ಸದ್ದು ಸಣ್ಣದಾದರೆ ಮುಚ್ಚಿಬಿಡೋ ಪೆಡಲ್. ಹೈ ಗೇನ್‌ಗೆ ಹೊಂದಿಸಿದ ಗೇಟ್ ಕ್ಲೀನ್ ನುಡಿಸಿದಾಗ ಸಣ್ಣ ಸ್ವರಗಳನ್ನೇ ನುಂಗುತ್ತದೆ; ಡಿಲೇ ಆದಮೇಲೆ ಕೂತಿದ್ದರೆ ಅದರ ಬಾಲವನ್ನೂ ಕತ್ತರಿಸುತ್ತದೆ. ಪೆಡಲ್ ಸರಿಯಿಲ್ಲ ಅಂತ ಹೊಸದು ಕೊಳ್ಳೋಕೆ ಮುಂಚೆ ಗೇಟ್ ಆರಿಸಿ ನೋಡಿ.

ಟ್ಯೂನಿಂಗ್. ಗ್ರೌಲ್‌ಗೆ ಶ್ರುತಿ ಬೇಕಿರಲಿಲ್ಲ, ಗಿಟಾರ್ ಎಲ್ಲಿ ಭಾರವಾಗಿ ಕೇಳಿಸಿತೋ ಅದೇ ಹಾಡಿನ ಶ್ರುತಿ ಆಗಿತ್ತು. ಈಗ ಕಛೇರಿಯ ತಂಬೂರಿ ಹಾಗೆ ಗಾಯಕನ ದನಿಗೇ ಎಲ್ಲರೂ ಕೂರಬೇಕು. ಅವನು ಮಾತಾಡೋ ದನಿಗಿಂತ ಎರಡು ಮೂರು ಸ್ವರ ಮೇಲೆ ಹಾಡಿಸಿ, ಅಲ್ಲಿಂದ ಹಾಡಿನ ಕೀ (ಶ್ರುತಿ) ಹುಡುಕಿ. ಗಿಟಾರಿನ ಟ್ಯೂನಿಂಗ್ ಬಿ ಸ್ವರದಿಂದ ಡಿ ಗೆ ಏರಿಸಿದಿರಿ ಅಂದುಕೊಳ್ಳಿ: ದಪ್ಪ ತಂತಿ ಹೋಗಿ 52ರ (ಇಂಚಿನ ಸಾವಿರದ ಭಾಗದ ಲೆಕ್ಕ) ಸೆಟ್ ಬರುತ್ತದೆ, 62ರ ತಂತಿಗೆ ಕೊರೆದ ನಟ್‌ನಲ್ಲಿ (ಗಿಟಾರಿನ ಕುತ್ತಿಗೆ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಅದು ಗಿರಗುಟ್ಟುತ್ತದೆ. ನಟ್ ಬದಲಿಸಿ, ಇಂಟೊನೇಷನ್ (ಎಲ್ಲ ಮನೆಯಲ್ಲೂ ಸ್ವರ ಸರಿಯಾಗಿರೋದು) ಮತ್ತೆ ಕೂರಿಸಬೇಕು.

ಗಂಟಲಿನ ವಿಷಯಕ್ಕೆ ನಿಮಗಿಂತ ಹಿಂದೆ ಒಬ್ಬರು ಸಿಗುತ್ತಾರೆ. ಸ್ಟಾಕ್‌ಹೋಮ್‌ನ ಕಟಟೋನಿಯಾ ಬ್ಯಾಂಡಿನ ಗಾಯಕ ಯೊನಾಸ್ ರೆಂಕ್ಸೆಗೆ ಗ್ರೌಲ್ ಮಾಡಲಾಗದೆ, 1996ರ ‘ಬ್ರೇವ್ ಮರ್ಡರ್ ಡೇ’ಯಲ್ಲಿ ಓಪೆಥ್ ಬ್ಯಾಂಡಿನ ಮಿಕಾಯೆಲ್ ಓಕರ್‌ಫೆಲ್ಡ್ ಆ ಕೆಲಸ ಮಾಡಿಕೊಟ್ಟರು. 1998ರ ‘ಡಿಸ್ಕರೇಜ್ಡ್ ಒನ್ಸ್’ನಲ್ಲಿ ರೆಂಕ್ಸೆ ಬರೀ ಹಾಡಿದರು. ದೊಡ್ಡ ದನಿಯೇನಲ್ಲ, ಎಲ್ಲೂ ಅರಚಲ್ಲ. ನಿಮ್ಮವರೂ ಮೈಕ್‌ನ ತಲೆ ಮುಚ್ಚಿ ಹಿಡಿಯೋ ಅಭ್ಯಾಸ ಬಿಟ್ಟು, ನಾಲ್ಕು ಬೆರಳಷ್ಟು ದೂರ ನಿಂತು ಮಾತಿನ ಗಟ್ಟಿಯಲ್ಲೇ ಹಾಡಲಿ. ದನಿ ಗೊಗ್ಗರಾಗಿ ಮೂರು ವಾರ ದಾಟಿದ್ದರೆ ಮಾತ್ರ ಇದೆಲ್ಲಕ್ಕಿಂತ ಮುಂಚೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಹಳೇ ಕೇಳುಗರು? ಒಂದಷ್ಟು ಜನ ಹೋಗ್ತಾರೆ, ಅದನ್ನು ಲೆಕ್ಕ ಹಾಕುತ್ತಾ ಕೂರೋದು ದಂಡ. ಪ್ಯಾರಡೈಸ್ ಲಾಸ್ಟ್ 1999ರಲ್ಲಿ ಎಲೆಕ್ಟ್ರಾನಿಕ್ ಸದ್ದಿನ ‘ಹೋಸ್ಟ್’ ಬಿಟ್ಟಾಗ ಮೆಟಲ್‌ನವರು ಉಗಿದರು. 2015ರ ‘ದ ಪ್ಲೇಗ್ ವಿದಿನ್’ನಲ್ಲಿ ಅವರ ಗಾಯಕ ನಿಕ್ ಹೋಮ್ಸ್ ಮತ್ತೆ ಗ್ರೌಲ್ ಮಾಡಿದರು. ಆಮೇಲೆ 2023ರಲ್ಲಿ ಹೋಮ್ಸ್, ಗಿಟಾರಿಸ್ಟ್ ಗ್ರೆಗರ್ ಮ್ಯಾಕಿಂಟಾಷ್ ಇಬ್ಬರೇ ಸೇರಿ ಹೊಸ ಆಲ್ಬಮ್ ತಂದರು, ಆ ಜೋಡಿಗೆ ಇಟ್ಟುಕೊಂಡ ಹೆಸರೇ ಹೋಸ್ಟ್!

ಮುಂದಿನ ಜಾಮ್‌ಗೆ ಗಿಟಾರ್ ಆಂಪ್ ಆನ್ ಮಾಡಲೇಬೇಡಿ. ಬೇಸ್, ಡ್ರಮ್ಸ್, ದನಿ ಮೂರೇ. ಮೆಟ್ರೊನೋಮ್ 116ಕ್ಕೆ ಇಟ್ಟು ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಅದರಲ್ಲಿ ಹಾಡು ತನ್ನ ಕಾಲ ಮೇಲೆ ನಿಲ್ಲದಿದ್ದರೆ ಇನ್ನೊಂದು ಹಾಡು ತೆಗೆದುಕೊಳ್ಳಿ.