ಹಾಡೂ ತನ್ನದೇ, ಹಕ್ಕೂ ತನ್ನದೇ

ಪ್ರಶ್ನೆ: ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ತಮ್ಮ ಹಾಡನ್ನು ಖ್ಯಾತ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಗೆ ಕೊಡಲಿಲ್ಲವಂತೆ. ನಿಜವಾ?

ಉತ್ತರ: ನಿಜ. ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಲು ಎಲ್ವಿಸ್‌ಗೆ ಆಸೆಯಿತ್ತು. ಆದರೆ ಅವರ ಮ್ಯಾನೇಜರ್ ಹಾಡಿನ ಅರ್ಧ ಹಕ್ಕು ಕೇಳಿದರು. ಡಾಲಿ ಒಪ್ಪಲಿಲ್ಲ. ಆ ರಾತ್ರಿಯೆಲ್ಲ ಅಳುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಟೆನೆಸ್ಸಿಯ ಬೆಟ್ಟಗಳ ನಡುವೆ, 12 ಮಕ್ಕಳ ಬಡ ಮನೆಯಲ್ಲಿ ಬೆಳೆದವರು ಅವರು. ಡಾಲಿ ಹುಟ್ಟಿದಾಗ ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟಿದ್ದು ಒಂದು ಚೀಲ ಮೆಕ್ಕೆಜೋಳದ ಹಿಟ್ಟು! ಅಂಥವರು ಎಲ್ವಿಸ್‌ಗೆ ಬೇಡ ಅನ್ನೋದು ಸುಮ್ನೆ ಮಾತಲ್ಲ, ಅಲ್ವಾ? 1992ರಲ್ಲಿ ಗಾಯಕಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿದಾಗ ಜಗತ್ತೇ ಕೇಳಿತು. ಹಕ್ಕು ಡಾಲಿಯ ಕೈಯಲ್ಲೇ ಇತ್ತು. ನನಗೆ ಮಾತ್ರ ಡಾಲಿಯ ಮೆಲುದನಿಯೇ ಜಾಸ್ತಿ ಇಷ್ಟ.

ಅವರಪ್ಪನಿಗೆ ಓದಲು ಬರುತ್ತಿರಲಿಲ್ಲ. ಆ ನೋವಿನಿಂದಲೇ ಡಾಲಿ 1995ರಲ್ಲಿ ಪುಟ್ಟ ಮಕ್ಕಳ ಮನೆಗೆ ಉಚಿತವಾಗಿ ಪುಸ್ತಕ ಕಳಿಸಲು ಶುರು ಮಾಡಿದರು.